ಎಸ್ಪ್ರಿ ಟರ್ಬೊ ಮುಗ್ಗರಿಸಿದ ಕಾರಣವನ್ನು ಹುಡುಕಿದ ಬಗೆ

ನನ್ನ ಬಳಿ ಇರುವುದು 1985ರ ಲೋಟಸ್ ಎಸ್ಪ್ರಿ ಟರ್ಬೊ ಎಂಬ ಸ್ಪೋರ್ಟ್ಸ್ ಕಾರು. ನೌಕರಿಯ ಕಾರಣದಿಂದ ನಾನು ನೆಲೆಸಿರುವ ಇಂಗ್ಲೆಂಡಿನ ನಾರ್ವಿಚ್‌ಗೂ ಈ ಕಾರು ತಯಾರಾದ ಹೆಥೆಲ್ ಹಳ್ಳಿಗೂ ಕೆಲವೇ ಮೈಲಿಗಳ ಅಂತರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುನೆಲೆಯಾಗಿದ್ದ ಆ ಜಾಗಕ್ಕೆ ಲೋಟಸ್ ಸ್ಥಾಪಕ ಕಾಲಿನ್ ಚಾಪ್ಮನ್ 1966ರಲ್ಲಿ ತಮ್ಮ ಪುಟ್ಟ ಕಂಪನಿಯನ್ನು ತಂದರು. ಬೆನ್ನೆಲುಬಿನಂತಹ ಉಕ್ಕಿನ ಚೌಕಟ್ಟಿನ ಮೇಲೆ ಫೈಬರ್‌ಗ್ಲಾಸ್ ಮೈಯನ್ನು ಕೂರಿಸಿರುವುದರಿಂದ ಕಾರಿನ ತೂಕ ಸುಮಾರು 1,200 ಕಿಲೋ ಅಷ್ಟೆ, ಹೀಗಾಗಿ 2174 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ ಕೊಡುವ 210 ಅಶ್ವಶಕ್ತಿ ಅದಕ್ಕೆ ಧಾರಾಳ.

ಆ ಶಕ್ತಿಯೇ ಒಂದು ದಿನ ಕೈಕೊಡತೊಡಗಿತು. ಊರೊಳಗೆ ಕಾರು ಯಾವ ತಕರಾರೂ ಇಲ್ಲದೆ ಓಡುತ್ತಿತ್ತು, ಆದರೆ ಹೆದ್ದಾರಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಎರಡು ಮೂರು ಸೆಕೆಂಡು ಚಿಮ್ಮಿ, ಆಮೇಲೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಮುಗ್ಗರಿಸುತ್ತಿತ್ತು. ತೋರಿಸಿದ ಗ್ಯಾರೇಜಿನವರು ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಹೋಗಿದೆ, ಬದಲಾಯಿಸಬೇಕು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಡ್ಯಾಶ್‌ಬೋರ್ಡಿನಲ್ಲಿ ಬೂಸ್ಟನ್ನು, ಅಂದರೆ ಟರ್ಬೊ ಗಾಳಿಯ ಒತ್ತಡವನ್ನು, ತೋರಿಸುವ ಮುಳ್ಳು ಎಂದಿನಂತೆ 8 ಪಿಎಸ್‌ಐವರೆಗೆ (ಪಿಎಸ್‌ಐ ಎಂದರೆ ಒತ್ತಡದ ಅಳತೆ) ಏರಿ ನಿಲ್ಲುತ್ತಿತ್ತು. ಸತ್ತ ಟರ್ಬೊ ಅಷ್ಟು ಒತ್ತಡವನ್ನು ಎಲ್ಲಿಂದ ತಂದೀತು? ಗಾಳಿ ಬರುತ್ತಿದೆ, ಆದ್ದರಿಂದ ಬಾರದಿರುವುದು ಪೆಟ್ರೋಲೇ ಇರಬೇಕು ಎಂದು ಲೆಕ್ಕ ಹಾಕಿದೆ.

ಈ ಎಂಜಿನ್ನಿನಲ್ಲಿ ಟರ್ಬೊ ತನ್ನ ಗಾಳಿಯನ್ನು, ಅದಕ್ಕೆ ಪೆಟ್ರೋಲ್ ಬೆರೆಸುವ ಎರಡು ಡೆಲಾರ್ಟೊ ಕಾರ್ಬ್ಯುರೇಟರುಗಳ ಮೂಲಕ ಒಳಗೆ ನೂಕುತ್ತದೆ. ಹಾಗಾಗಿ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನಲ್ಲೂ ಬೂಸ್ಟಿನಷ್ಟೇ ಒತ್ತಡ ತುಂಬಿಕೊಳ್ಳುತ್ತದೆ, ಅದನ್ನು ಮೀರಿಸುವಷ್ಟು ಒತ್ತಡದಲ್ಲಿ ಪೆಟ್ರೋಲ್ ಬಂದರೆ ಮಾತ್ರ ಬಟ್ಟಲು ತುಂಬುತ್ತದೆ. ಈ ಹೊಂದಾಣಿಕೆ ಮಾಡುವುದು ಪೆಟ್ರೋಲ್ ರೆಗ್ಯುಲೇಟರು: ಸಣ್ಣ ರಬ್ಬರ್ ಪೈಪೊಂದು ಬೂಸ್ಟಿನ ಒತ್ತಡವನ್ನು ಅದಕ್ಕೆ ಮುಟ್ಟಿಸುತ್ತದೆ, ಅದು ಪೆಟ್ರೋಲಿನ ಒತ್ತಡವನ್ನು ಅಷ್ಟೇ ಏರಿಸುತ್ತದೆ. ಆ ಸುದ್ದಿ ಮುಟ್ಟದಿದ್ದರೆ ಬಟ್ಟಲಿನಲ್ಲಿ ಉಳಿದಿರುವ ಪೆಟ್ರೋಲ್ ಎರಡು ಮೂರು ಸೆಕೆಂಡಿನಲ್ಲಿ ಖಾಲಿ. ನನ್ನ ಕಾರಿನ ವರ್ತನೆಗೆ ಇದು ಸರಿಯಾಗಿ ತಾಳೆಯಾಗುತ್ತಿತ್ತು. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದ ಮಿಶ್ರಣವನ್ನು ಬೂಸ್ಟಿನಲ್ಲಿ ಉರಿಸಿದರೆ ಪಿಸ್ಟನ್ನೇ ಕರಗಬಹುದು, ಆದ್ದರಿಂದ ಅಂದಿನಿಂದ ಕಾರನ್ನು ಹೆದ್ದಾರಿಗೆ ಒಯ್ಯಲಿಲ್ಲ.

ಪೆಟ್ರೋಲ್ ಪೈಪಿಗೆ ಒತ್ತಡದ ಮೀಟರೊಂದನ್ನು ಜೋಡಿಸಿ, ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡು, ಎಂಜಿನ್ನನ್ನು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಓಡಲು ಬಿಟ್ಟೆ. ಮುಳ್ಳು ನಾಲ್ಕೂವರೆ ಪಿಎಸ್‌ಐ ಹತ್ತಿರ ನಿಂತಿತು. ರಬ್ಬರ್ ಪೈಪಿನ ಬೂಸ್ಟ್ ಕಡೆಯ ತುದಿಯನ್ನು ಕಳಚಿ, ಕೈಪಂಪಿನಿಂದ 2 ಪಿಎಸ್‌ಐ ಗಾಳಿ ಕೊಟ್ಟೆ. (ಇದಕ್ಕಿಂತ ಹೆಚ್ಚು ಕೊಡಬಾರದು, ಐಡಲ್‌ನಲ್ಲಿ ಬಟ್ಟಲೊಳಗೆ ಎದುರೊತ್ತಡ ಇರುವುದಿಲ್ಲವಾದ್ದರಿಂದ ಪೆಟ್ರೋಲ್ ತನ್ನನ್ನು ತಡೆಯುವ ನೀಡಲ್ ವಾಲ್ವನ್ನು ತಳ್ಳಿಕೊಂಡು ಉಕ್ಕಿ, ಬಿಸಿ ಎಕ್ಸಾಸ್ಟಿನ ಮೇಲೆ ಬೀಳಬಹುದು.) ಮುಳ್ಳು ಕದಲಲಿಲ್ಲ. ಅದೇ ಗಾಳಿಯನ್ನು ನೇರವಾಗಿ ರೆಗ್ಯುಲೇಟರಿನ ಮೂತಿಗೆ ಕೊಟ್ಟಾಗ ಆರೂವರೆಗೆ ಏರಿತು. ಅಂದರೆ ರೆಗ್ಯುಲೇಟರು ಚೆನ್ನಾಗಿಯೇ ಇತ್ತು.

ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ನೋಡಲು ಕಪ್ಪಗೆ, ನುಣ್ಣಗೆ, ಏನೂ ಆಗಿಲ್ಲದಂತಿತ್ತು. ಬೆರಳಿನಿಂದ ಬಾಗಿಸಿದಾಗ ಮಾತ್ರ ಕ್ಲಿಪ್ಪಿನ ಅಡಿಯಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿಬಿಟ್ಟಿತು. ವರ್ಷಗಟ್ಟಲೆ ಎಂಜಿನ್ ಕಾವಿನಲ್ಲಿ ಬೆಂದ ರಬ್ಬರಿಗೆ ಇದು ಸಹಜ. ಮೈಸೂರಿನಲ್ಲಿ ಅಪ್ಪನ ಯೆಜ್ಡಿಯ ಪೆಟ್ರೋಲ್ ಪೈಪೂ ಹೀಗೆಯೇ ಕ್ಲಿಪ್ಪಿನ ಬುಡದಲ್ಲೇ ಸೀಳಿತ್ತು, ಅದು ಇನ್ನೂ ಮುಂಚೆ ನೆನಪಾಗಬೇಕಿತ್ತು.

ಎಣ್ಣೆ ಮತ್ತು ಕಾವು ತಡೆಯುವ ಹೊಸ ಪೈಪನ್ನು ಹಾಕಿ, ಅದೇ ವಯಸ್ಸಿನ ಉಳಿದ ಸಣ್ಣ ಪೈಪುಗಳನ್ನೂ ಅದೇ ಮಧ್ಯಾಹ್ನ ಬದಲಾಯಿಸಿದೆ. ಒಟ್ಟು ಖರ್ಚು ಇಪ್ಪತ್ತು ಪೌಂಡಿನ ಒಳಗೆ ಮುಗಿಯಿತು. ಕೈಪಂಪಿನ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಮುಳ್ಳು ಈ ಸಲ ಪೈಪಿನ ತುದಿಯಿಂದಲೇ ಆರೂವರೆಗೆ ಏರಿತು. ಮರುದಿನ ಬೆಳಿಗ್ಗೆ ಹೆದ್ದಾರಿಯ ಏರಿನಲ್ಲಿ, ನಾಲ್ಕನೆಯ ಗೇರಿನಲ್ಲಿ ಪೂರ್ತಿ ಒತ್ತಿ ಮನಸ್ಸಿನಲ್ಲೇ ಎಣಿಸಿದೆ. ಆರು ಎಣಿಸುವಷ್ಟರಲ್ಲಿ ವೇಗಮಿತಿ ಮುಟ್ಟಿತ್ತು, ಕಾಲು ತೆಗೆಯಬೇಕಾಯಿತು.