ಕಾಳಿ ಹಿನ್ನೀರಿನ ದಡದಲ್ಲಿ ಮೇ ರಜೆ

ಮನೆಮಂದಿಯೆಲ್ಲ ಸೇರಿ ಉತ್ತರ ಕನ್ನಡದ ಗಣೇಶಗುಡಿ ಕಡೆ ಟೆಂಟ್ ಹಾಕುವವರಿಗೆ ಒಂದು ಮಾತು. ವರ್ಷ ವರ್ಷದ ರೂಢಿ ಒಂದೆರಡು ಸಾಕು, ಅದನ್ನು ಮಕ್ಕಳ ಕೈಗೇ ಕೊಡಿ. ನಮ್ಮಲ್ಲಿ ಮೊದಲ ದಿನದ ಅಪ್ಪೆಹುಳಿ ಮಕ್ಕಳದ್ದೇ ಕೆಲಸ. ಬೇಯಿಸಿದ ಮಾವಿನಕಾಯಿ ಕಿವುಚಿ ನೀರು, ಉಪ್ಪು, ಬೆಲ್ಲ ಹಾಕಿದರೆ ಮುಗಿಯಿತು. ಸೂಜಿಮೆಣಸಿನ ಒಗ್ಗರಣೆ ಮಾತ್ರ ದೊಡ್ಡವರು ಕೊಡಲಿ. ಉಪ್ಪು ಜಾಸ್ತಿಯಾದರೂ ಅಜ್ಜ ಎರಡು ಲೋಟ ಕುಡಿಯುತ್ತಾರೆ, ಅದೂ ರೂಢಿಯೇ ಅಲ್ವಾ!

ಜಾಗದ ವಿಷಯದಲ್ಲಿ ರಾಜಿ ಬೇಡ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಅಣೆಕಟ್ಟುಗಳಿವೆ. ಮೇಲಿಂದ ನೀರು ಬಿಟ್ಟರೆ ಸುಡುಬಿಸಿಲಲ್ಲೂ ಕೆಳಗೆ ಮಟ್ಟ ಏರುತ್ತದೆ. ಹೋಂಸ್ಟೇಯವರು ತೋರಿಸಿದ ಎತ್ತರದ ಜಾಗದಲ್ಲೇ ಟೆಂಟ್ ಹಾಕಿ. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಸಂಜೆ ಗುಡುಗು ಕೇಳಿದರೆ ನೀರಿನಿಂದ ಹೊರಬಂದು, ಟೆಂಟಿಗಲ್ಲ, ಕಟ್ಟಡದೊಳಗೆ ಓಡಿ.