ಪುಟ ಬಂತು, ಚಿತ್ರ ಬರಲಿಲ್ಲ: ಶಾಲೆಯ ಲ್ಯಾಪ್‌ಟಾಪ್‌ಗಳ ಜೊತೆ ನನ್ನ ಅನುಭವ

ಅಮೆರಿಕದ ಒಂದು ಊರಿನ ಸರ್ಕಾರಿ ಶಾಲೆಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಮಕ್ಕಳಿಗೆ ಶಾಲೆಯೇ ಲ್ಯಾಪ್‌ಟಾಪ್ ಕೊಡುತ್ತದೆ. ಅದರಲ್ಲಿ ಯಾವ ವೆಬ್‌ಸೈಟ್ ತೆರೆಯಬೇಕು, ಯಾವುದು ಬೇಡ ಅನ್ನೋ ಪಟ್ಟಿ ನಮ್ಮ ಕೈಯಲ್ಲಿರುತ್ತದೆ.

ಒಂದು ಶುಕ್ರವಾರ ಏಳನೇ ತರಗತಿಯ ವಿಜ್ಞಾನದ ಟೀಚರ್ ಫೋನ್ ಮಾಡಿದರು. ಪಾಠದ ಪುಟ ತೆರೆಯುತ್ತಿದೆ, ಆದರೆ ಚಿತ್ರ ಒಂದೂ ಬರುತ್ತಿಲ್ಲ, ಬರೀ ಖಾಲಿ ಚೌಕಗಳು.

ವೆಬ್‌ಸೈಟಿನ ಹೆಸರು ಹಾಕಿದ ಕೂಡಲೇ ಲ್ಯಾಪ್‌ಟಾಪ್ ಸೀದಾ ಅಲ್ಲಿಗೆ ಹೋಗುವುದಿಲ್ಲ. ಮೊದಲು ಡಿಎನ್‌ಎಸ್ ಸರ್ವರ್, ಅಂದರೆ ಹೆಸರಿಗೆ ವಿಳಾಸ ಹೇಳುವ ಕಂಪ್ಯೂಟರ್ ಹತ್ತಿರ, ಆ ಹೆಸರಿನ ಐಪಿ ವಿಳಾಸ (ಅಂಕಿಗಳಲ್ಲಿರುವ ವಿಳಾಸ) ಕೇಳುತ್ತದೆ. ನಮ್ಮೂರಲ್ಲಿ ಬಸ್ ಇಳಿದವರು ಸರ್ಕಲ್ ಅಂಗಡಿಯಲ್ಲಿ ಮನೆ ವಿಚಾರಿಸುತ್ತಾರಲ್ಲ, ಹಾಗೆ. ಅಂಗಡಿಯವರು "ಆ ಹೆಸರಿನವರು ಇಲ್ಲಿಲ್ಲ" ಅಂದುಬಿಟ್ಟರೆ ಮನೆ ಇದ್ದರೂ ಸಿಗುವುದಿಲ್ಲ. ಶಾಲೆಯಲ್ಲಿ ಆ ಅಂಗಡಿಯವರ ಜಾಗದಲ್ಲಿ ಕೂತಿರುವ ನಮ್ಮ ಫಿಲ್ಟರ್ ಮಾಡುವುದೂ ಅದನ್ನೇ. ತಡೆದ ಹೆಸರು ಕೇಳಿದರೆ 0.0.0.0 ಅಂತ ಎಲ್ಲಿಗೂ ಮುಟ್ಟದ ವಿಳಾಸ ಕೊಡುತ್ತದೆ. ಅದಕ್ಕೆ ಗೊತ್ತಿರುವುದು ಹೆಸರು ಮಾತ್ರ, ಒಳಗಿನ ಪುಟ ಅಲ್ಲ.

ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದೆ. ಸಾಲು ಸಾಲು ಕೆಂಪು. ಪುಟ ಒಂದು ಹೆಸರಿನಿಂದ ಬಂದರೆ ಚಿತ್ರಗಳೆಲ್ಲ ಬೇರೊಂದು ಹೆಸರಿನಿಂದ ಬರುತ್ತಿದ್ದವು. ಅದು ನೂರಾರು ವೆಬ್‌ಸೈಟುಗಳು ಹಂಚಿಕೊಳ್ಳುವ ಸಿಡಿಎನ್, ಅಂದರೆ ಚಿತ್ರ, ಫೈಲುಗಳನ್ನು ಇಟ್ಟು ಬೇಗ ತಲುಪಿಸುವ ಸರ್ವರ್‌ಗಳ ಜಾಲ. ಅಲ್ಲೇ ಯಾರೋ ಗೇಮ್ ಇಟ್ಟಿದ್ದರು ಅಂತ ನಾವು ಇಡೀ ಹೆಸರನ್ನೇ ತಡೆದಿದ್ದೆವು. ಕೂಡಲೇ ತೆಗೆದೆ. ಆದರೂ ಅರ್ಧ ತರಗತಿಗೆ ಚಿತ್ರ ಬಂತು, ಉಳಿದವರಿಗೆ ಇಲ್ಲ! ಒಮ್ಮೆ ಸಿಕ್ಕ ಉತ್ತರವನ್ನು, ಅದು 0.0.0.0 ಆದರೂ, ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ನಮ್ಮ ಫಿಲ್ಟರ್‌ನಲ್ಲಿ ಆ ಅವಧಿ 3600 ಸೆಕೆಂಡ್, ಅಂದರೆ ಒಂದು ಗಂಟೆ ಇತ್ತು. ಪೀರಿಯಡ್ ಮುಗಿದೇ ಹೋಯಿತು. ಆ ದಿನವೇ ಅದನ್ನು 60 ಸೆಕೆಂಡಿಗೆ ಇಳಿಸಿದೆ.

ಇನ್ನೊಂದು ಸಲ ಉಲ್ಟಾ. ಎಂಟನೇ ತರಗತಿಯ ಹುಡುಗರು ಗೇಮ್ ಆಡುತ್ತಿದ್ದರು, ನಮ್ಮ ಲಾಗ್‌ನಲ್ಲಿ, ಅಂದರೆ ಕೇಳಿದ ಹೆಸರುಗಳ ದಾಖಲೆಯಲ್ಲಿ, ಏನೂ ಇಲ್ಲ. ಮಾಮೂಲಿ ಡಿಎನ್‌ಎಸ್ ಪ್ರಶ್ನೆ 53ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ನಂಬರ್ ಹಾಕಿದ ಬಾಗಿಲಿನ ಹಾಗೆ) ಬಿಚ್ಚಿಟ್ಟ ಕಾಗದದಂತೆ ಹೋಗುತ್ತದೆ. 2018ರಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಅನ್ನೋದು ಮಾನದಂಡ ಆಯಿತು. ಅದರಲ್ಲಿ ಪ್ರಶ್ನೆ ಗೂಢಲಿಪಿಯಲ್ಲಿ, 443ನೇ ಪೋರ್ಟಿನಲ್ಲಿ, ಉಳಿದ ವೆಬ್ ಸಂಚಾರದ ಜೊತೆ ಬೆರೆತು ಹೊರಗಿನ ಸರ್ವರ್‌ಗೆ ಹೋಗುತ್ತದೆ. ನಮ್ಮ ಅಂಗಡಿಯವರನ್ನು ಯಾರೂ ಕೇಳುವುದೇ ಇಲ್ಲ. ಶಾಲೆಯ ಬ್ರೌಸರ್ ಪಾಲಿಸಿಯಲ್ಲಿ ಆ ಆಯ್ಕೆ ಆಫ್ ಮಾಡಿದೆ. ಖಾಸಗಿತನಕ್ಕೆ ಅದು ಒಳ್ಳೆಯ ವ್ಯವಸ್ಥೆ, ನನ್ನ ಮನೆಯಲ್ಲಿ ಅದನ್ನೇ ಬಳಸುತ್ತೇನೆ. ಶಾಲೆಯ ಯಂತ್ರದ ಮಾತು ಬೇರೆ.

"ಲ್ಯಾಪ್‌ಟಾಪ್ ಮನೆಗೆ ತಂದರೂ ಯಾಕೆ ಬ್ಲಾಕ್ ಆಗುತ್ತದೆ?" ಅಂತ ಪೋಷಕರು ಕೇಳುತ್ತಾರೆ. ತಡೆ ಬರೀ ಶಾಲೆಯ ವೈಫೈನಲ್ಲಿಲ್ಲ, ಲ್ಯಾಪ್‌ಟಾಪ್‌ನ ಒಳಗೂ ಇದೆ. ಮಗು ತೆಗೆಯಲಾಗದಂಥ ಬ್ರೌಸರ್ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸಿದ ಪುಟ್ಟ ಪ್ರೋಗ್ರಾಂ ಅದು. ಪೂರ್ತಿ ವಿಳಾಸ ನೋಡುತ್ತದೆ, ಹಾಗಾಗಿ ಒಂದೇ ಪುಟ ತಡೆದು ಉಳಿದದ್ದು ಬಿಡಬಲ್ಲದು. ಈಗ ನಾನು ನೆಚ್ಚಿಕೊಂಡಿರುವುದು ಅದನ್ನೇ ಜಾಸ್ತಿ.

ಇಲ್ಲಿ 2000ನೇ ಇಸವಿಯ ಮಕ್ಕಳ ಇಂಟರ್ನೆಟ್ ರಕ್ಷಣಾ ಕಾಯ್ದೆ ಇದೆ. ಸರ್ಕಾರದ ಇ-ರೇಟ್ ಯೋಜನೆಯಲ್ಲಿ ಶಾಲೆಗೆ ಇಂಟರ್ನೆಟ್ ರಿಯಾಯಿತಿ ಬೇಕಾದರೆ ಅಶ್ಲೀಲ ಚಿತ್ರಗಳನ್ನು, ಮಕ್ಕಳಿಗೆ ಹಾನಿಯಾಗುವ ಚಿತ್ರಗಳನ್ನು ತಡೆಯಲೇಬೇಕು. ಅದಕ್ಕಿಂತ ಜಾಸ್ತಿ ತಡೆದರೆ ಅದು ನಮ್ಮದೇ ತೀರ್ಮಾನ, ಅದಕ್ಕೆ ಉತ್ತರ ಕೊಡಬೇಕಾದವರೂ ನಾವೇ. ಆದ್ದರಿಂದ ತಡೆದ ಪುಟದಲ್ಲಿ ಸುಮ್ನೆ "ನಿಷೇಧ" ಅಂತ ಬರೆಯದೆ, ಯಾಕೆ ತಡೆದಿದ್ದೇವೆ ಅಂತ ಒಂದು ಸಾಲು, ಕೆಳಗೆ "ನನಗೆ ಇದು ಬೇಕು" ಅನ್ನೋ ಗುಂಡಿ ಇಟ್ಟೆ.

ಬೆಳಿಗ್ಗೆ ಬಂದ ಕೂಡಲೇ ಆ ಕೋರಿಕೆಗಳನ್ನು ಓದುತ್ತೇನೆ. ಗೇಮ್ ಬೇಕು ಅನ್ನುವವರೇ ಬಹಳ. ನಡುವೆ ಒಮ್ಮೆ, ಮುಟ್ಟಿನ ನೋವಿನ ಬಗ್ಗೆ ಓದಬೇಕಿತ್ತು ಅಂತ ಒಬ್ಬ ಹುಡುಗಿ ಬರೆದಿದ್ದಳು. ಆರೋಗ್ಯದ ಒಳ್ಳೆಯ ಪುಟ ಅದು, ಫಿಲ್ಟರ್ ಅದನ್ನು ವಯಸ್ಕರ ವಿಭಾಗಕ್ಕೆ ಹಾಕಿತ್ತು. ಮೊದಲ ಗಂಟೆ ಹೊಡೆಯುವ ಮೊದಲೇ ಅದನ್ನು ಎಲ್ಲ ಶಾಲೆಗಳಿಗೂ ತೆರೆದೆ.