ಜಾಲಿ ಹಿಡಿಯ ಕರಿ ಚಾಕು

ಅಕ್ಕನ ಮಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಓದುತ್ತಾನೆ. ಅಲ್ಲಿಯ ಗೆಳೆಯನ ಮದುವೆಗೆ ಆ ನಾಡಿನ ಗಂಡಸರುಡುವ ಕಿಲ್ಟ್ ಉಟ್ಟು ಫೋಟೊ ಕಳಿಸಿದ. ಅಕ್ಕ "ಅಯ್ಯ, ಲಂಗ ಉಟ್ಟಾನಲ್ಲ!" ಅಂತ ನಕ್ಕಳು. ನನ್ನ ಕಣ್ಣು ಹೋದದ್ದು ಅವನ ಬಲಗಾಲಿನ ಉಣ್ಣೆ ಕಾಲುಚೀಲದ ಕಡೆ. ಅದರೊಳಗಿಂದ ಒಂದು ಕರಿ ಹಿಡಿ ಇಣುಕುತ್ತಿತ್ತು. "ಅದಕ್ಕ ಸ್ಕೀಯನ್ ಡೂ ಅಂತಾರ ಮಾಮಾ, ಬಾಡಿಗೀದು. ನೀ ಒಂದು ಮಾಡಿಕೊಡ್ತಿ ಏನು?" ಅಂದ. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಹಾಗಂದರೆ ಕರಿ ಚಾಕು. ಬೀದರದಲ್ಲಿ 30 ವರ್ಷ ಫಿಟ್ಟರ್ ಕೆಲಸ ಮಾಡಿದವನಿಗೆ ಒಲ್ಲೆ ಅನ್ನಲು ನಾಲಿಗೆ ಏಳಲಿಲ್ಲ.

ಅಲಗಿಗೆ ಹಲ್ಲು ಸವೆದ ಹಳೆಯ ಅರ ಸಾಕು, ನಮ್ಮ ಕಡೆ ಕಾನಸ ಅಂತೀವಲ್ಲ, ಅದು. ಒಳ್ಳೆಯ ಕಂಪನಿಯದೇ ಇರಲಿ. ಅಗ್ಗದ್ದು ಮೇಲೆ ಮಾತ್ರ ಗಡಸು, ಒಳಗೆ ಮೆತ್ತಗೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಇನ್ನೊಂದು ಕಾನಸ ಅದನ್ನು ತಿನ್ನುವಷ್ಟು ಮೆತ್ತಗಾಗಿರುತ್ತದೆ. ಹಳೆಯ ಹಲ್ಲಿನ ಗೀರು ಒಂದೂ ಉಳಿಯದಂತೆ ಉಜ್ಜಿ ತೆಗೆಯಿರಿ. ಆಮೇಲೆ ಹದ ಹಾಕುವಾಗ, ಅಂದರೆ ಕೆಂಪಗೆ ಕಾಯಿಸಿ ಅದ್ದಿ ಗಡಸು ಮಾಡುವಾಗ, ಬಿರುಕು ಹುಟ್ಟುವುದು ಆ ಗೀರುಗಳಲ್ಲೇ.

ಅಲಗು ಮೂರೂವರೆ ಇಂಚು, ಬೆನ್ನು 3 ಮಿಲಿಮೀಟರ್ ದಪ್ಪ, ಒಂದೇ ಕಡೆ ಬಾಯಿ. ಹಿಡಿಯೊಳಗೆ ಹೋಗುವ ಬಾಲ ಮೂರು ಇಂಚು. ಬಾಯಿಯನ್ನು ಈಗಲೇ ಚೂಪು ಮಾಡಬೇಡಿ, 1 ಮಿಲಿಮೀಟರ್ ಉಳಿಸಿ. ಬಾಲವೂ ಅಲಗೂ ಕೂಡುವ ಮೂಲೆ ಮಾತ್ರ ಗುಂಡಗಿರಬೇಕು. ನನ್ನ ಮೊದಲ ಅಲಗಿನಲ್ಲಿ ಆ ಮೂಲೆಯನ್ನು ಗುಣಿಯ, ಅಂದರೆ ಮೂಲೆಮಟ್ಟ, ಹಿಡಿದು ನೆಟ್ಟಗೆ ಕೊರೆದಿದ್ದೆ, ಫಿಟ್ಟರನ ಚಟ. ಸಾಲದ್ದಕ್ಕೆ, ಕಮ್ಮಾರರು ಕುಡಗೋಲನ್ನು ನೀರಿಗೆ ಅದ್ದುವುದನ್ನು ನೋಡುತ್ತ ಬೆಳೆದವನು ನಾನೂ ನೀರಿಗೇ ಅದ್ದಿದೆ. ಬಕೆಟ್‌ನೊಳಗಿಂದ 'ಟಿಣ್' ಅಂತ ಸಣ್ಣ ಸದ್ದು. ಒರೆಸಿ ನೋಡಿದರೆ ಆ ಮೂಲೆಯಿಂದ ಕೂದಲೆಳೆಯಂಥ ಬಿರುಕು. ಮೂರು ದಿನದ ಕೆಲಸ ಗುಜರಿಗೆ ಹೋಯಿತು.

ಎರಡನೆಯದಕ್ಕೆ ಕುಸುಬಿ ಎಣ್ಣೆ. ಶೇಂಗಾ ಎಣ್ಣೆಯೂ ನಡೆಯುತ್ತದೆ. ಕೈಗೆ ಚುರುಕ್ಕನ್ನುವಷ್ಟು ಬೆಚ್ಚಗಿರಲಿ. ಈ ಕೆಲಸ ಸಂಜೆ ಮಬ್ಬಿನಲ್ಲಿ ಮಾಡಿ, ಬಿಸಿಲಲ್ಲಿ ಕೆಂಪಿನ ಅಂದಾಜು ಸಿಗುವುದಿಲ್ಲ. ಕಾದ ಅಲಗಿಗೆ ಅಯಸ್ಕಾಂತ ತಾಗಿಸುತ್ತ ಹೋಗಿ. ಅದು ಅಂಟುವುದನ್ನು ಬಿಟ್ಟ ಮೇಲೆ ಇನ್ನೊಂದಿಷ್ಟು ಕಾಯಿಸಿ, ಮೊನೆ ಕೆಳಗೆ ಮಾಡಿ ನೆಟ್ಟಗೆ ಎಣ್ಣೆಗೆ ಇಳಿಸಿ. ಆಚೀಚೆ ಅಲುಗಿಸಿದರೆ ಅಲಗು ಸೊಟ್ಟಗಾಗುತ್ತದೆ. ಎಣ್ಣೆಗೆ ಬೆಂಕಿ ಹತ್ತಬಹುದು, ಮುಚ್ಚಳ ಪಕ್ಕದಲ್ಲೇ ಇರಲಿ, ನೀರು ಮಾತ್ರ ಹಾಕಬೇಡಿ.

ಈಗದು ಗಾಜಿನ ಹಾಗೆ, ಬಿದ್ದರೆ ಎರಡು ತುಂಡು. ಬೆಳ್ಳಗೆ ಉಜ್ಜಿ, ಅಡುಗೆಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಒಂದು ತಾಸಿನಂತೆ ಎರಡು ಸಲ ಇಡಿ. ಒಣಗಿದ ಜೋಳದ ಕಣಿಕೆಯ ಬಣ್ಣ ಬಂದರೆ ಹದ ಬಂತು. ನೀಲಿಗೆ ತಿರುಗಿದರೆ ಮೆತ್ತಗಾಯಿತು, ಮತ್ತೆ ಮೊದಲಿಂದ ಕಾಯಿಸಬೇಕು. ಓವನ್ ವಾಸನೆಗೆ ಮನೆಯಲ್ಲಿ ಬೈಸಿಕೊಳ್ಳುವುದು ಬೇರೆ.

ಹಿಡಿಗೆ ಸ್ಕಾಟ್ಲೆಂಡಿನವರು ಹಿಂದೆ ಬಳಸುತ್ತಿದ್ದದ್ದು ಬಾಗ್ ಓಕ್. ಜೌಗು ನೆಲದಲ್ಲಿ ನೂರಾರು, ಸಾವಿರಾರು ವರ್ಷ ಹೂತು ಕಪ್ಪಾದ ಓಕ್ ಮರ. ಮರದ ಒಗರಿಗೆ ನೀರಿನಲ್ಲಿಯ ಕಬ್ಬಿಣ ಸೇರಿ ಆ ಕಪ್ಪು ಬರುತ್ತದೆ. ಇದನ್ನು ಓದಿದಾಗಲೇ ಜಾಲಿ ನೆನಪಾಯಿತು. ತೊಗಲು ಹದ ಮಾಡಲು ಜಾಲಿ ತೊಗಟೆ ಹಾಕುವುದು ಇದೇ ಒಗರಿಗಾಗಿ. ಮುರಿದ ಬಂಡಿಯ ಗೂಟವೊಂದು ಹಿತ್ತಲಲ್ಲಿ ಬಿದ್ದಿತ್ತು. ಚೆನ್ನಾಗಿ ಒಣಗಿದ್ದ ಅದರ ಚೇಗಿನಿಂದ ನಾಲ್ಕು ಇಂಚು ಕೊಯ್ದುಕೊಂಡೆ.

ಮೊದಲು ಬಾಲಕ್ಕೆ ತೂತು ಹಾಕಿ, ಆಮೇಲೆ ಆಕಾರಕ್ಕೆ ಕೈ ಹಚ್ಚಿ. ಹೊರಗೆ ಕೆತ್ತಿ ಮುಗಿಸಿದ ಮೇಲೆ ತೂತು ಕೊರೆದರೆ ಡ್ರಿಲ್ ಪಕ್ಕಕ್ಕೆ ಜಾರಿ ಎಲ್ಲ ಹಾಳು. ಹಿಡಿ ಅಲಗಿನ ಕಡೆ ಸಣ್ಣಗೆ, ಮೇಲೆ ಹೋದಂತೆ ಅಗಲ. ಕಾಲಿಗೆ ತಾಗುವ ಮಗ್ಗಲು ಚಪ್ಪಟೆ. ಎದುರಿನ ಮಗ್ಗಲಿಗೆ ಬುಟ್ಟಿ ಹೆಣಿಗೆಯ ಕೆತ್ತನೆ. ಹೊರಸಿನ ನುಲಿಯನ್ನು ನೋಡಿ ಪೆನ್ಸಿಲ್‌ನಲ್ಲಿ ಗೀರಿಕೊಳ್ಳಿ: ಒಂದೆಳೆ ಮೇಲೆ, ಒಂದೆಳೆ ಕೆಳಗೆ. ಕೆಳಗೆ ಹೋಗುವ ಎಳೆಯ ಎರಡೂ ತುದಿಗಳನ್ನು ಉಳಿಯಿಂದ ತುಸು ತಗ್ಗಿಸಿದರೆ ಸಾಕು, ಕಣ್ಣಿಗೆ ಹೆಣೆದಂತೆಯೇ ಕಾಣುತ್ತದೆ. ಜಾಲಿ ಮೊಂಡ ಮರ. ಹತ್ತು ನಿಮಿಷಕ್ಕೊಮ್ಮೆ ಉಳಿಯನ್ನು ಸಾಣೆಗೆ ಹಿಡಿಯಬೇಕು.

ಕಪ್ಪಿಗೆ ಬಣ್ಣ ಬಳಿಯುವವರಿದ್ದಾರೆ, ನನಗದು ಸೇರುವುದಿಲ್ಲ. ಗಾಜಿನ ಬಾಟಲಿಯಲ್ಲಿ ವಿನೆಗರ್ ಸುರಿದು, ಉಜ್ಜಿದ ಮೊಳೆಗಳನ್ನು ಹಾಕಿ ಐದಾರು ದಿನ ಇಡಿ. ಗ್ಯಾಸ್ ಏಳುತ್ತದೆ, ಮುಚ್ಚಳ ಬಿಗಿ ಮಾಡಬೇಡಿ. ಸೋಸಿದ ನೀರನ್ನು ಬ್ರಷ್‌ನಿಂದ ಹಿಡಿಗೆ ಹಚ್ಚಿ ಸುಮ್ಮನೆ ನೋಡುತ್ತ ಕೂಡಿ. ಮೊದಲು ಬೂದಿ ಬಣ್ಣ, ಆಮೇಲೆ ನೇರಳೆ, ಸ್ವಲ್ಪ ಹೊತ್ತಿಗೆ ಇದ್ದಿಲಿನಂಥ ಕಪ್ಪು. ಎಲ್ಲಾದರೂ ತೇಪೆ ತೇಪೆಯಾದರೆ ಗಟ್ಟಿ ಚಹಾ ಡಿಕಾಕ್ಷನ್ ಹಚ್ಚಿ, ಒಣಗಿಸಿ, ಇನ್ನೊಂದು ಕೈ ಬಳಿಯಿರಿ. ಈ ನೀರು ಅಲಗಿಗೆ ತುಕ್ಕು ಹಿಡಿಸುತ್ತದೆ, ಹಾಗಾಗಿ ಜೋಡಿಸುವ ಮೊದಲೇ ಇದನ್ನು ಮುಗಿಸಿ. ಒಣಗಿದ ಮೇಲೆ ಅಗಸಿ ಎಣ್ಣೆ, ತೆಳ್ಳಗೆ ಮೂರು ಸಲ. ಎಣ್ಣೆಯ ಅರಿವೆಯನ್ನು ಮುದ್ದೆ ಮಾಡಿ ಒಗೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಹಗ್ಗಕ್ಕೆ ಹರಡಿ ಒಣಗಿಸಿ.

ಹಿಡಿಯ ತಲೆಗೆ ಸ್ಕಾಟ್ಲೆಂಡಿನಲ್ಲಿ ಕೇರ್ನ್‌ಗಾರ್ಮ್ ಅನ್ನುವ ಹೊಗೆಬಣ್ಣದ ಕಲ್ಲು ಕೂಡಿಸುತ್ತಾರೆ. ನಾನು ಬಿದ್ರಿ ಕೆಲಸದ ಗೆಳೆಯನಿಂದ ಬೆಳ್ಳಿ ಎಳೆ ಕೂಡಿಸಿದ ಎಂಟಾಣೆಯಷ್ಟಗಲದ ಬಿಲ್ಲೆ ಮಾಡಿಸಿದೆ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ಬಡಿದು, ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕಪ್ಪು ಮಾಡುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮರದ ಕಪ್ಪೂ ಲೋಹದ ಕಪ್ಪೂ ಒಂದಕ್ಕೊಂದು ಕೂಡಿದ್ದನ್ನು ನೋಡಿ ಗೆಳೆಯ ಮಜೂರಿ ಬೇಡ ಅಂದ.

ಬಾಲವನ್ನೂ ಬಿಲ್ಲೆಯನ್ನೂ ಅರಾಲ್ಡೈಟ್ ಅಂಟು ಹಾಕಿ ಕೂಡಿಸಿ, ಒಂದು ದಿನ ಮುಟ್ಟಬೇಡಿ. ಸಾಣೆ ಹಿಡಿಯುವುದು ಎಲ್ಲಕ್ಕೂ ಕಡೆಗೆ. ಒರೆಗೆ ಹಸಿ ಮಾಡಿದ ತೊಗಲನ್ನು ಅಲಗಿಗೆ ಸುತ್ತಿ ಹೊಲಿದೆ. ನಡುವೆ ಒಂದು ಪದರ ಪ್ಲಾಸ್ಟಿಕ್ ಇರಲಿ, ಇಲ್ಲದಿದ್ದರೆ ಅಲಗಿಗೆ ತುಕ್ಕು.

ಅಳತೆ ನೋಡಲು ಉಣ್ಣೆ ಕಾಲುಚೀಲ ಎಲ್ಲಿಂದ ತರಲಿ? ಮಗನ ಫುಟ್‌ಬಾಲ್ ಕಾಲುಚೀಲ ಹಾಕಿಕೊಂಡು, ಚಾಕು ಸಿಗಿಸಿ, ಲುಂಗಿ ಎತ್ತಿ ಕಟ್ಟಿ ಅಂಗಳದಲ್ಲಿ ಅಡ್ಡಾಡಿದೆ. ನಾಲ್ಕು ಹೆಜ್ಜೆಗೆ ಹಿಮ್ಮಡಿಗೆ ಜಾರಿತು. ಒರೆಯ ಮೇಲೆ ಇನ್ನೊಂದು ಪದರ ತೊಗಲು ಹೊಲಿದ ಮೇಲೆ ನಿಂತಿತು.